ಮೂರು ಮರಿಗೆಗಳ ಮೀನು

ನಮ್ಮವ್ವ ರೌದ್ನಾಳ ಕಣ್ಣು ಐವತ್ತು ದಾಟುವಾಗ ಮಂಜಾಯಿತು, ಅರವತ್ತರ ಹೊತ್ತಿಗೆ ಪೂರ್ತಿ ಹೋಯಿತು. ನರ ಒಣಗಿಹೋಗಿದೆ, ಇನ್ನು ಮಾಡುವುದಕ್ಕೇನೂ ಇಲ್ಲ ಎಂದು ಕರಾವಳಿಯ ಡಾಕ್ಟರು ಹೇಳಿ ಕಳಿಸಿದರು. ಮನೆಗೆ ಬಂದ ಮರುಬೆಳಿಗ್ಗೆಯೇ ಅವ್ವ ಮನೆಯಿಂದ ದಡದವರೆಗೆ ಕಟ್ಟಿದ್ದ ಹಗ್ಗ ಹಿಡಿದುಕೊಂಡು ದೋಣಿಮನೆಗೆ ಇಳಿದಳು. ಮೀನು ಬೇರ್ಪಡಿಸಿ ಹಾಕುವ ತನ್ನ ಮೂರು ಮರದ ಮರಿಗೆಗಳ ನಡುವೆ ಕೂತು, "ಏನ್ ನೋಡ್ತಾ ನಿಂತಿದೀರಾ? ಮೀನು ಕೊಡಿ" ಎಂದಳು.

ನಾರ್ವೆಯ ಉತ್ತರದ ತುದಿಯಲ್ಲಿರುವ ನಮ್ಮ ಗಾಲ್ಗುಯಾವ್ರಿ ಸರೋವರದ ಬೆಳ್ಳಿಮೀನಿನಲ್ಲಿ ಮೂರು ಬಗೆ. ಚುವ್ಜಾ ದೊಡ್ಡದು, ದಡದ ಕಲ್ಲುಗಳ ಸಂದಿಯಲ್ಲಿ ಹುಳುಹುಪ್ಪಟೆ ಮೇಯ್ದು ಕೊಬ್ಬುತ್ತದೆ. ಅದು ಉಪ್ಪಿನ ಪೀಪಾಯಿಗೆ. ರೆಸ್ಕಾ ಗೇಣುದ್ದದ್ದು, ನಡುನೀರಿನಲ್ಲಿ ತೇಲುವ ಪುಡಿಜೀವಿಗಳನ್ನು ಸೋಸಿ ತಿನ್ನುತ್ತದೆ. ಅದರಲ್ಲಿ ಕೊಬ್ಬಿಲ್ಲ, ಒಣಗಿಸಲು ಚೆನ್ನ. ಮೂರನೆಯದು ಚಲ್ಮಿ, ಬೆಳಕು ಮುಟ್ಟದ ಆಳದ ಕೆಸರಿನದು, ತಲೆಗಿಂತ ಕಣ್ಣೇ ದೊಡ್ಡದು. ಅದು ನಾಯಿಗಳಿಗೆ. ಮೂರೂ ಮೊಟ್ಟೆಯಿಡುವ ಜಾಗ ಬೇರೆ, ವಾರ ಬೇರೆ. ಎಳೆಯ ಮೀನು ಸಿಕ್ಕರೆ ಕಣ್ಣಿದ್ದವರಿಗೂ ಯಾವುದು ಯಾವುದೆಂದು ಗೊತ್ತಾಗುವುದಿಲ್ಲ. ಅವ್ವ ಮಾತ್ರ ಕಿವಿರಿನೊಳಗೆ ಹೆಬ್ಬೆರಳು ತೂರಿಸಿ, ಅಲ್ಲಿ ಬಾಚಣಿಗೆಯ ಹಾಗೆ ಸಾಲಾಗಿರುವ ಹಲ್ಲುಗಳನ್ನು ಒಮ್ಮೆ ಸವರುತ್ತಿದ್ದಳು. ಒತ್ತೊತ್ತಾಗಿದ್ದರೆ ರೆಸ್ಕಾ, ಬಿಡಿಬಿಡಿಯಾಗಿದ್ದರೆ ಚುವ್ಜಾ, ಮೊಂಡಾಗಿ ನಾಲ್ಕಾರು ಇದ್ದರೆ ಚಲ್ಮಿ. ಮಾತಾಡುತ್ತಲೇ ಮೀನನ್ನು ಎಡಕ್ಕೋ ಬಲಕ್ಕೋ ಹಿಂದಕ್ಕೋ ಎಸೆಯುತ್ತಿದ್ದಳು. ಒಂದು ಸಲವೂ ತಪ್ಪಿದ್ದನ್ನು ನಾನು ನೋಡಿರಲಿಲ್ಲ.

ನನ್ನ ಅಣ್ಣ ಹೆಯ್ಕಾ ಎರಡು ವರ್ಷ ಫಿನ್ಲೆಂಡಿನಲ್ಲಿ ರಸ್ತೆ ಕೆಲಸಕ್ಕೆ ಹೋಗಿದ್ದವನು ಅಲ್ಲಿಯ ಹಿಲ್ಯಾಳನ್ನು ಮದುವೆಯಾಗಿ ಕರೆದುಕೊಂಡು ಬಂದ. ಅತ್ತಿಗೆಯದು ಮಾತು ಕಡಿಮೆ, ಕೆಲಸದಲ್ಲಿ ಚುರುಕು. ಎಪ್ಪತ್ತನಾಲ್ಕನೇ ಇಸವಿಯ ಬೇಸಿಗೆಯಲ್ಲಿ ಅವಳ ಆರು ತಿಂಗಳ ಬಸಿರು ಹೋಯಿತು. ಅವಳು ಅಳಲಿಲ್ಲ. ಊಟ ಬಿಟ್ಟಳು. ಮುಂದಿಟ್ಟ ತಟ್ಟೆಯನ್ನು ನೋಡುತ್ತ ಕೂತು, ಆಮೇಲೆ ತಾನೇ ಎತ್ತಿಕೊಂಡು ಹೋಗಿ ನಾಯಿಗೆ ಹಾಕಿ ಬರುತ್ತಿದ್ದಳು. ಆಗಸ್ಟಿನ ಹೊತ್ತಿಗೆ ಉಂಗುರ ಬೆರಳಿನಿಂದ ಜಾರತೊಡಗಿ, ಅದಕ್ಕೆ ನೂಲು ಸುತ್ತಿಕೊಂಡಿದ್ದಳು.

"ಏನಾದ್ರೂ ಹೇಳು, ಏನು ತಂದ್ರೆ ತಿಂತೀಯ?" ಎಂದು ಅಣ್ಣ ಒಂದು ದಿನ ಅವಳ ಕಾಲ ಬಳಿ ಕೂತು ಕೇಳಿದ. ನಾನು ಒಲೆಯ ಹತ್ತಿರವೇ ಇದ್ದೆ.

"ಮುಯ್ಕು ಇದ್ದಿದ್ರೆ ಒಂದು ತಿಂತಿದ್ನೇನೋ" ಎಂದಳು. ತವರಿನ ಸರೋವರದ ಪುಟ್ಟ ಮೀನು ಅದು. ಹಿಟ್ಟು ಹಚ್ಚಿ ಬೆಣ್ಣೆಯಲ್ಲಿ ಹುರಿದು ಮುಳ್ಳುಸಮೇತ ತಿನ್ನುತ್ತಾರಂತೆ.

ಅಷ್ಟೇ ಮಾತು. ಬೇಕೇ ಬೇಕು ಎಂದೂ ಅವಳು ಹೇಳಲಿಲ್ಲ.

ಅಕ್ಟೋಬರ್ ಕೊನೆಯಲ್ಲಿ ಅಣ್ಣ ಮಾವನ ಮನೆಗೆ ಹೋಗಿ ಬರುತ್ತೇನೆಂದು ಕಾರು ತೆಗೆದುಕೊಂಡು ಹೊರಟ. ನಾಲ್ಕು ದಿನದ ಮೇಲೆ ಬಂದಾಗ ಹಿಂದಿನ ಸೀಟಿನಲ್ಲಿ ಒಂದು ಮರದ ಪೆಟ್ಟಿಗೆ. ನನ್ನನ್ನು ಮಾತ್ರ ಹೊರಗೆ ಕರೆದ. ಮುಚ್ಚಳ ತೆಗೆದರೆ ಒದ್ದೆ ಪಾಚಿ. ಪಾಚಿಯ ಮಡಿಕೆಗಳ ನಡುವೆ ಸಾಸಿವೆಗಿಂತ ತುಸು ದೊಡ್ಡ, ಹಳದಿ ಮೊಟ್ಟೆಗಳು. ಲೆಕ್ಕವೇ ಇಲ್ಲ. ಮಾವ ಮತ್ತು ಅವನು ಸೇರಿ ಬಸಿರು ಮುಯ್ಕುಗಳನ್ನು ಬೋಗುಣಿಗೆ ಹಿಂಡಿ, ಗಂಡುಮೀನಿನ ಬೀಜದ ಹಾಲು ಬೆರೆಸಿದ್ದರು. ಸತ್ತ ಮೀನು ತಂದರೆ ಒಂದು ದಿನದ ಊಟ, ಇದಾದರೆ ನಮ್ಮ ಸರೋವರದಲ್ಲೇ ಬೆಳೆಯುತ್ತದೆ ಎಂಬುದು ಅವನ ಲೆಕ್ಕ.

"ಅವ್ವಂಗೆ ಹೇಳ್ಬೇಡ ಬಿಗ್ಗಾ" ಎಂದ.

"ಯಾಕೆ?"

"ಬೇಡ ಅಂತಾಳೆ."

ಅದು ನಿಜ. ಅವ್ವ ಸರೋವರದಲ್ಲಿ ಪಾತ್ರೆ ಅದ್ದಿ ತೊಳೆಯುವುದಕ್ಕೂ ಬಿಡುತ್ತಿರಲಿಲ್ಲ. ನಾನಾಗ ಇಪ್ಪತ್ತೆರಡರ ಹುಡುಗಿ. ಅತ್ತಿಗೆ ಬದುಕಬೇಕು ಎಂಬುದು ಬಿಟ್ಟರೆ ಬೇರೇನೂ ನನ್ನ ತಲೆಯಲ್ಲಿರಲಿಲ್ಲ. ಪೆಟ್ಟಿಗೆಯನ್ನು ಬಾವಿಮನೆಯಲ್ಲಿಟ್ಟು ಎರಡು ದಿನ ನಾನೇ ನೋಡಿಕೊಂಡೆ. ಸತ್ತ ಮೊಟ್ಟೆ ಬೆಳ್ಳಗಾಗುತ್ತದೆ, ಒಂದು ಕೊಳೆತರೆ ಪಕ್ಕದ್ದಕ್ಕೂ ಹತ್ತುತ್ತದೆ. ಬಾತುಕೋಳಿಯ ಗರಿಯಿಂದ ಒಂದೊಂದನ್ನೇ ಎತ್ತಿ ತೆಗೆದೆ. ಮೂರನೇ ದಿನ ಮಧ್ಯಾಹ್ನ ಅಣ್ಣನೂ ನಾನೂ ದೋಣಿಯಲ್ಲಿ ಹೋಗಿ, ಉತ್ತರದ ನಡುಗಡ್ಡೆಯ ಜಲ್ಲಿಕಲ್ಲಿನ ಮೇಲೆ ಅದನ್ನೆಲ್ಲ ನಿಧಾನವಾಗಿ ಸುರಿದೆವು. ದಡದಲ್ಲಾಗಲೇ ತೆಳುವಾಗಿ ಮಂಜುಗಡ್ಡೆ ಕಟ್ಟಿತ್ತು. ಮೊಟ್ಟೆಗಳು ಕಲ್ಲುಗಳ ಸಂದಿಗೆ ಇಳಿದವು, ಒಂದೂ ಕಾಣದಾಯಿತು.

"ಆಯ್ತು" ಎಂದು ಅಣ್ಣ ಪಾಚಿಯನ್ನು ನೀರಿಗೆ ಕೊಡವಿದ.

ಮೀನು ಬಲೆಗೆ ಬರಲು ಮೂರು ವರ್ಷ ಹಿಡಿಯಿತು. ಅಷ್ಟರಲ್ಲಿ ಅತ್ತಿಗೆ ತಾನಾಗಿಯೇ ಉಣ್ಣತೊಡಗಿದ್ದಳು, ತೊಟ್ಟಿಲಲ್ಲಿ ನಿಂಗಾ ಎಂಬ ಹೆಣ್ಣುಮಗು ಕೂಡ ಇತ್ತು. ಆದರೂ ಅಣ್ಣ ಮೊದಲ ಆರು ಮುಯ್ಕುಗಳನ್ನು ಟೋಪಿಯಲ್ಲಿಟ್ಟುಕೊಂಡು ಓಡಿಬಂದ ದಿನ ಅವಳು ಅಡುಗೆಮನೆಯಲ್ಲೇ ನೆಲದ ಮೇಲೆ ಕೂತು ನಕ್ಕಳು, ನಗುತ್ತ ಅತ್ತಳು. ಹುರಿದು ಎಲ್ಲರಿಗೂ ಕೊಟ್ಟಳು. ಅವ್ವನೂ ಒಂದು ತಿಂದಳು.

"ಇದ್ಯಾವ ಮೀನೇ?" ಎಂದಳು ಅಗಿಯುತ್ತ.

"ಎಲ್ಲಿಂದಲೋ ಬಂದಿದೆ ಅವ್ವ" ಎಂದ ಅಣ್ಣ.

"ಬಂದಿದೆಯಾ? ಕೆಳಗಿನ ಹೊಳೆಯಿಂದ ಜಲಪಾತ ಹತ್ತಿ ಬಂತಾ? ನಿನಗಿಂತ ಗಟ್ಟಿಗ ಮೀನು ಬಿಡು" ಎಂದು ಅವ್ವ ನಕ್ಕಳು. ಆಮೇಲೆ ಇನ್ನೊಂದು ಕೇಳಿ ತಿಂದಳು.

ಮುಂದಿನ ಐದಾರು ವರ್ಷ ನಮಗೆ ಹಬ್ಬವೇ. ಗಾಳಿಯಿಲ್ಲದ ಸಂಜೆ ನಡುನೀರು ಕುದಿಯುವ ಹಾಗೆ ಕಾಣುತ್ತಿತ್ತು, ಅಷ್ಟು ಮುಯ್ಕು. ಎಂದೂ ಇಷ್ಟು ದೂರ ಬಾರದ ಕಡಲಹಕ್ಕಿಗಳು ಹಿಂಡಾಗಿ ಬಂದು ಕಿರುಚಾಡತೊಡಗಿದವು. ರೆಸ್ಕಾ ಮಾತ್ರ ಬಡವಾಗುತ್ತ ಬಂತು. ಅದರ ತಲೆ ದೊಡ್ಡದು, ಮೈ ಬರಿ ಚರ್ಮ. ಒಂದು ವರ್ಷ ನಡುನೀರಿಗೆ ಬಿಟ್ಟ ಬಲೆಯಲ್ಲಿ ಅದು ಸಿಗಲೇ ಇಲ್ಲ. ದಡದ ಬಲೆಯಲ್ಲಿ, ಚುವ್ಜಾಗಳ ನಡುವೆ, ಸಂಕೋಚದಿಂದ ಮೂಲೆ ಹಿಡಿದ ನೆಂಟರಂತೆ ನಾಲ್ಕಾರು ಸಿಕ್ಕವು. ನಡುನೀರಿನ ಅನ್ನವನ್ನು ಮುಯ್ಕು ಬಾಚಿಕೊಂಡಿತ್ತು. ಇವು ಹೊಟ್ಟೆ ಹೊರೆಯಲು ದಡಕ್ಕೆ ಬಂದಿದ್ದವು. ನಾನು ಅಣ್ಣನ ಮುಖ ನೋಡಿದೆ. ಅವನು ಬಲೆ ಬಿಡಿಸುತ್ತಲೇ ಇದ್ದ.

ಎಂಬತ್ತೇಳರ ಶರತ್ಕಾಲದಲ್ಲಿ ಅವ್ವನ ಕೈ ನಿಂತಿತು. ದೋಣಿಮನೆಯಲ್ಲಿ ನಾವು ಮೂವರೂ ಇದ್ದೆವು. ಅವ್ವ ಒಂದು ಮೀನಿನ ಕಿವಿರಿಗೆ ಬೆರಳು ಹಾಕಿದಳು, ತೆಗೆದಳು, ಇನ್ನೊಂದು ಕಡೆಯ ಕಿವಿರಿಗೆ ಹಾಕಿದಳು. ಎಸೆಯಲಿಲ್ಲ.

"ಇದ್ಯಾವುದು?" ಎಂದಳು.

ನಾನು ನೋಡಿದೆ. ಚುವ್ಜಾಗಿಂತ ಸಣ್ಣದು, ರೆಸ್ಕಾಗಿಂತ ದೊಡ್ಡದು. ಮೂತಿ ಎರಡರ ಹಾಗೂ ಇಲ್ಲ.

"ಚುವ್ಜಾ ಅವ್ವ, ಎಳೇದು" ಎಂದ ಅಣ್ಣ ಬೇಗನೆ.

"ಚುವ್ಜಾಗೆ ಇಷ್ಟು ಒತ್ತಾಗಿರುತ್ತಾ?"

"ನಿನ್ನ ಬೆರಳು ಮರಗಟ್ಟಿದೆ ಕಣವ್ವ. ಚಳಿ ನೋಡು ಹೇಗಿದೆ."

ಅವ್ವ ಬೆರಳನ್ನು ಬಾಯಿಗೆ ಹತ್ತಿರ ಹಿಡಿದು ಊದಿಕೊಂಡಳು. ಮತ್ತೆ ಸವರಿದಳು. ಕೊನೆಗೆ ಚುವ್ಜಾದ ಮರಿಗೆಗೆ ಹಾಕಿದಳು, ಎಸೆಯದೆ, ಕೈಯಿಂದ ಮೆಲ್ಲಗೆ ಇಟ್ಟಳು. ಆ ದಿನ ಅಂಥವು ಹನ್ನೊಂದು ಬಂದವು. ಹನ್ನೊಂದಕ್ಕೂ ಅಣ್ಣ ಏನೋ ಒಂದು ಹೆಸರು ಹೇಳಿದ. ನಾನು ಮುಂದಿನ ಮೀನನ್ನು ಅವ್ವನ ಕೈಗೆ ಕೊಡುತ್ತ ಹೋದೆ.

ಆ ಚಳಿಗಾಲ ಉಪ್ಪಿನ ಪೀಪಾಯಿ ಕೆಟ್ಟಿತು. ಕೊಬ್ಬಿಲ್ಲದ ಮೀನು ಕೊಬ್ಬಿದ ಮೀನಿನ ಜೊತೆ ಸೇರಿ ಮೇಣದ ಹಾಗೆ ಕರಗಿ, ಫೆಬ್ರವರಿಯಲ್ಲಿ ಮುಚ್ಚಳ ತೆಗೆದರೆ ಮನೆಯೊಳಗೆ ನಿಲ್ಲಲಾಗಲಿಲ್ಲ. ಅಣ್ಣನ ಮಗಳು ಅದಕ್ಕೂ ಮೊದಲೇ ಒಂದು ತುಂಡು ತಿಂದು ಮೂರು ದಿನ ವಾಂತಿ ಮಾಡಿಕೊಂಡು ಮಲಗಿದ್ದಳು. ನಲವತ್ತು ವರ್ಷದಲ್ಲಿ ಅವ್ವ ತುಂಬಿದ ಪೀಪಾಯಿ ಒಂದೂ ಕೆಟ್ಟಿರಲಿಲ್ಲ. ನಾವು ಅದನ್ನು ಹಿಮದ ಮೇಲೆ ಉರುಳಿಸಿಕೊಂಡು ಹೋಗುವ ಸದ್ದನ್ನು ಅವಳು ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು.

"ನಾನು ಮಾಡಿದ್ದು" ಎಂದಳು. "ಕೂಸನ್ನ ಕೊಂದುಬಿಡ್ತಿದ್ದೆ."

"ಹಾಗನ್ಬೇಡವ್ವ" ಎಂದೆ. ಪೀಪಾಯಿಯನ್ನು ಮತ್ತೆ ತಳ್ಳತೊಡಗಿದೆ.

ಅಲ್ಲಿಂದ ಅವ್ವ ಇಳಿಯತೊಡಗಿದಳು. ದೋಣಿಮನೆಗೆ ಬರುವುದನ್ನು ಬಿಟ್ಟಳು. ಹೆಣಿಗೆ ಬಿಟ್ಟಳು, ಎಷ್ಟು ಕುಣಿಕೆ ಹಾಕಿದೆನೋ ನನ್ನ ಬೆರಳಿಗೇ ನಂಬಿಕೆಯಿಲ್ಲ ಎಂದಳು. ಕಾಫಿಗೆ ಉಪ್ಪು ಹಾಕುತ್ತೇನೋ ಎಂಬ ಭಯಕ್ಕೆ ಒಲೆಯ ಹತ್ತಿರ ಹೋಗುವುದನ್ನೂ ಬಿಟ್ಟಳು. ಮೊಮ್ಮಗಳು ಬಂದು ಮಡಿಲಿಗೆ ತಲೆಯಿಟ್ಟರೆ ಮುಖ ಸವರಿ ಹೆಸರು ಹಿಡಿದು ಕರೆಯುತ್ತಿದ್ದವಳು ಈಗ "ಯಾರು?" ಎಂದು ಕೇಳಿ, ಉತ್ತರ ಬಂದ ಮೇಲೆಯೇ ಕೈ ಚಾಚುತ್ತಿದ್ದಳು. ನಮ್ಮಜ್ಜಿ ಕೊನೆಗಾಲದಲ್ಲಿ ಮನೆಯವರನ್ನೆಲ್ಲ ಮರೆತು ಸತ್ತಿದ್ದಳು. ಅದೇ ತನಗೂ ಹತ್ತಿದೆ ಎಂದು ಅವ್ವ ತೀರ್ಮಾನಿಸಿಕೊಂಡಿದ್ದಳು.

ಅತ್ತಿಗೆ ಒಂದು ದಿನ ಅಣ್ಣನನ್ನು ಕೊಟ್ಟಿಗೆಯ ಹಿಂದೆ ನಿಲ್ಲಿಸಿಕೊಂಡಳು. ಅವಳ ದನಿ ಏರಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. "ಹೇಳಿಬಿಡು. ನನ್ನಿಂದ ಆಗಿದ್ದು ಅಂತಲೇ ಹೇಳು. ಆಕೆ ಕೂತಲ್ಲೇ ಸಾಯ್ತಿದಾಳೆ."

"ಈಗ ಹೇಳಿ ಏನಾಗುತ್ತೆ? ಮೀನು ವಾಪಸ್ ಹೋಗುತ್ತಾ?" ಎಂದ ಅಣ್ಣ.

ಅವತ್ತಿನಿಂದ ಅತ್ತಿಗೆ ಮುಯ್ಕು ಹುರಿಯುವುದನ್ನು ನಿಲ್ಲಿಸಿದಳು.

ತೊಂಬತ್ತರಲ್ಲಿ ಟ್ರೊಮ್ಸೊ ನಗರದಿಂದ ತೂರಿಲ್ ಎಂಬ ಹುಡುಗಿ ಬಂದಳು. ಮೀನಿನ ವಿಚಾರ ಓದಿಕೊಂಡವಳು. ಮೂವತ್ತರ ಒಳಗಿನ ವಯಸ್ಸು, ಕೆಂಪು ಮೂಗು, ಕೈತುಂಬ ಗಾಯ. ನಮ್ಮ ಹೊರಮನೆಯಲ್ಲಿ ಇಳಿದುಕೊಂಡು ದಿನಾ ಬಲೆ ಹಾಕಿ, ಸಿಕ್ಕ ಮೀನಿನ ಕಿವಿರು ಕತ್ತರಿಸಿ, ದೀಪದ ಕೆಳಗೆ ಭೂತಗನ್ನಡಿ ಹಿಡಿದು ಹಲ್ಲು ಎಣಿಸುತ್ತಿದ್ದಳು. ಎಣಿಸಿ ಬರೆದುಕೊಂಡು ತಲೆ ಕೊಡವುತ್ತಿದ್ದಳು. ಅವಳು ಅವ್ವನ ಸುದ್ದಿ ಅಂಗಡಿಯಲ್ಲಿ ಕೇಳಿದ್ದಳು. ಒಂದು ಭಾನುವಾರ ಕಾಫಿ ಹೊತ್ತಿಗೆ ಅಡುಗೆಮನೆಗೆ ಬಂದು, ಅವ್ವನ ಎದುರು ಬೋಗುಣಿಯಿಟ್ಟಳು.

"ಅಮ್ಮಾ, ನೀವು ಬೆರಳಲ್ಲೇ ಹೇಳ್ತೀರಂತಲ್ಲ. ನನಗೂ ಸ್ವಲ್ಪ ಕಲಿಸಿ" ಎಂದಳು ನಾರ್ವೆಯ ಮಾತಿನಲ್ಲಿ. ಅದು ನಮ್ಮ ಮನೆಮಾತಲ್ಲದಿದ್ದರೂ ಅವ್ವನಿಗೆ ಬರುತ್ತಿತ್ತು.

"ಅದೆಲ್ಲ ಮುಗೀತು ಮಗಳೇ. ನನ್ನ ತಲೆ ಕೆಟ್ಟಿದೆ."

"ಒಂದೇ ಒಂದು."

ಅವ್ವ ಕೈಯನ್ನು ಲಂಗಕ್ಕೆ ಒರೆಸಿಕೊಂಡು ಚಾಚಿದಳು. ಬೆರಳು ಹಾಕಿದಳು. "ನೋಡಿದೆಯಾ? ಚುವ್ಜಾನೂ ಅಲ್ಲ, ರೆಸ್ಕಾನೂ ಅಲ್ಲ ಅನ್ಸುತ್ತೆ. ಅಂಥ ಮೀನು ಎಲ್ಲಾದ್ರೂ ಇರುತ್ತಾ?"

ಆ ಹುಡುಗಿ ಏನೂ ಅರಿಯದೆ ನಕ್ಕಳು. "ಇದೆಯಲ್ಲ. ನಿಮ್ಮ ಕೈಯಲ್ಲೇ ಇದೆ. ಚುವ್ಜಾಗೆ ಇಪ್ಪತ್ತಮೂರು ಹಲ್ಲು, ರೆಸ್ಕಾಗೆ ಮೂವತ್ತೈದು, ಇದಕ್ಕೆ ಇಪ್ಪತ್ತೊಂಬತ್ತು. ನಾನು ಎರಡು ಸಲ ಎಣಿಸಿದೀನಿ. ನೀವು ಸರಿಯಾಗೇ ಹೇಳಿದ್ರಿ ಅಮ್ಮಾ."

ಬಾಗಿಲ ಬಳಿ ನಿಂತಿದ್ದ ಅಣ್ಣ ಅಲುಗಾಡಲಿಲ್ಲ. ಅತ್ತಿಗೆ ಕೈಯಲ್ಲಿದ್ದ ಬಟ್ಟಲನ್ನು ಮೇಜಿನ ಮೇಲಿಟ್ಟಳು.

ತೂರಿಲ್ ಮುಂದುವರಿಸಿದಳು. ಇಲ್ಲಿನ ಹಿಮದ ಹಾಸು ಕರಗಿ ಸರೋವರವಾದಾಗ ಒಳಗೆ ಬಂದದ್ದು ಒಂದೇ ಬಗೆಯ ಮೀನು. ನಡುನೀರಿಗೆ ಹೋದದ್ದು, ದಡ ಹಿಡಿದದ್ದು, ಆಳಕ್ಕಿಳಿದದ್ದು, ಹೀಗೆ ತಿನ್ನುವ ಜಾಗಕ್ಕೆ ತಕ್ಕಂತೆ ಸಾವಿರಾರು ವರ್ಷದಲ್ಲಿ ಬಾಯಿ, ಬಾಚಣಿಗೆ, ಕಣ್ಣು ಬೇರೆಬೇರೆ ಆದವು. ಮುಯ್ಕು ಬಂದು ನಡುನೀರು ಕಸಿದುಕೊಂಡ ಮೇಲೆ ರೆಸ್ಕಾ ದಡಕ್ಕೆ ಬಂತು, ಅಲ್ಲಿಯೇ ಮೊಟ್ಟೆಯಿಟ್ಟಿತು, ಎರಡೂ ಬೆರೆತವು. ಆ ಸಾವಿರಾರು ವರ್ಷದ ಕೆಲಸ ಹದಿನೈದು ವರ್ಷದಲ್ಲಿ ಬಿಚ್ಚಿಹೋಯಿತು.

"ಎಲ್ಲಾ ಒಂದೇ ತಾಯಿ ಮಕ್ಕಳು ಅನ್ನು" ಎಂದಳು ಅವ್ವ. ಅವಳ ಬೆರಳು ಇನ್ನೂ ಕಿವಿರಿನೊಳಗೇ ಇತ್ತು. "ಮತ್ತೆ ಬೇರೆ ಆಗ್ತವಾ?"

"ಮುಯ್ಕು ಇರೋವರೆಗೂ ಇಲ್ಲ. ಅದು ಇನ್ನು ಹೋಗಲ್ಲ. ಕೆಳಗಿಂದ ಜಲಪಾತ ಹತ್ತಿ ಬರೋಕೆ ಅದಕ್ಕೆ ಸಾಧ್ಯವೇ ಇಲ್ಲ. ಯಾರೋ ತಂದು ಬಿಟ್ಟಿದಾರೆ. ಯಾರು ಅಂತ ನಿಮಗೇನಾದ್ರೂ ಗೊತ್ತಾ?"

ಕಾಫಿಯ ಕೆಟಲ್ ಉಕ್ಕಿ ಒಲೆಯ ಮೇಲೆ ಚರ್ ಎಂದಿತು, ಅದನ್ನು ಎತ್ತಲು ಯಾರೂ ಹೋಗಲಿಲ್ಲ. ಅಣ್ಣ ಬಾಗಿಲು ತೆಗೆದು ಹೊರಟುಹೋದ. ಅವ್ವ ಅವನ ಹೆಜ್ಜೆ ಮೆಟ್ಟಿಲಿಳಿದು, ಅಂಗಳ ದಾಟುವವರೆಗೂ ಆ ಕಡೆಗೇ ಮುಖ ಮಾಡಿಕೊಂಡಿದ್ದಳು.

ಮರುದಿನ ನಾನು ಅವ್ವನ ತಲೆ ಬಾಚುತ್ತಿದ್ದಾಗ ಕೇಳಿದಳು. "ಹಿಲ್ಯಾಗೋಸ್ಕರನಾ?"

"ಹೂಂ ಅವ್ವ."

"ನೀನೂ ಇದ್ದೆಯಾ?"

"ಮೊಟ್ಟೆ ಕೆಡದ ಹಾಗೆ ನೋಡ್ಕೊಂಡಿದ್ದು ನಾನೇ."

ಅವಳು ಬಾಚಣಿಗೆಯನ್ನು ನನ್ನ ಕೈಯಿಂದ ತೆಗೆದುಕೊಂಡು ತಾನೇ ಬಾಚಿಕೊಂಡಳು, ಜಡೆಯನ್ನೂ ತಾನೇ ಹಾಕಿಕೊಂಡಳು. ಆಮೇಲೆ, "ಅವನಿಗೆ ದೋಣಿ ಇಳಿಸೋಕೆ ಹೇಳು" ಎಂದಳು.

ಅಕ್ಟೋಬರ್ ಇಪ್ಪತ್ತರ ಆಸುಪಾಸು. ಆ ದಿನಗಳಲ್ಲಿ ದಡದ ತಿಟ್ಟಿನ ಮೇಲೆ ಮೊಟ್ಟೆಯಿಡಲು ಬರುವುದು ಚುವ್ಜಾ ಒಂದೇ. ಮೊದಲಾದರೆ ಆ ಮೀನುಗಳು ನೀರು ಬಡಿಯುವ ಗಲಗಲ ಮನೆಯವರೆಗೆ ಕೇಳುತ್ತಿತ್ತು. ಈಗ ನೀರು ಸೀಸದ ಹಾಗೆ ಬಿದ್ದುಕೊಂಡಿತ್ತು. ಅಣ್ಣ ಹುಟ್ಟು ಹಾಕಿದ, ನಾನು ಬಲೆ ಎಳೆದೆ, ಅವ್ವ ನಡುವೆ ಕೂತು ಒಂದೊಂದೇ ಮೀನನ್ನು ಈಸಿಕೊಂಡಳು.

"ಇದಲ್ಲ" ಎಂದಳು. "ಇದೂ ಅಲ್ಲ. ಇದೂ ಅಲ್ಲ." ಮೂವತ್ತೆರಡು ಮೀನಿದ್ದವು. ಚುವ್ಜಾ ಎಂದು ಅವಳು ಒಪ್ಪಿದ್ದು ನಾಲ್ಕು. ಚಲ್ಮಿ ಒಂದು ಬಂತು. ಅದು ಈ ದಡದ ಬೆಳಕಿಗೆ ಯಾಕೆ ಬಂದಿತ್ತೋ, ಅದರ ಬಾಚಣಿಗೆಯೂ ಮೊಂಡಾಗಿರಲಿಲ್ಲ. ಅವ್ವ ಅದನ್ನು ಬಹಳ ಹೊತ್ತು ಹಿಡಿದುಕೊಂಡಿದ್ದಳು.

ಅಣ್ಣ ಹುಟ್ಟನ್ನು ಒಳಗೆಳೆದುಕೊಂಡ. ಐವತ್ತರ ಹತ್ತಿರದ ಗಂಡಸು, ಮುಖ ಮುಚ್ಚಿಕೊಂಡು ಬಿಕ್ಕಿದ. "ಅವಳು ಸಾಯ್ತಾಳೆ ಅನ್ಕೊಂಡಿದ್ದೆ ಅವ್ವ."

"ಗೊತ್ತು. ನಾನೂ ಹಾಗೇ ಅನ್ಕೊಂಡಿದ್ದೆ" ಎಂದಳು ಅವ್ವ. "ನೀನು ಕೇಳಿದ್ರೆ ನಾನೇ ಬೇಡ ಅಂತಿದ್ನೋ, ಹೂಂ ಅಂತಿದ್ನೋ, ಯಾರಿಗ್ಗೊತ್ತು. ಅದನ್ನ ಬಿಡು." ಆ ಚಲ್ಮಿಯನ್ನು ನೀರಿಗೆ ಬಿಟ್ಟಳು. "ಮೂರು ವರ್ಷ. ನನಗೆ ಅರುಳುಮರುಳು ಅಂತ ನಾನು ಮೂಲೆ ಸೇರ್ಕೊಂಡೆ. ನೀವಿಬ್ರೂ ದಿನಾ ನೋಡ್ತಾ ಇದ್ರಿ. ನನ್ನ ಕೂಸಿನ ಮುಖ ಮುಟ್ಟೋಕೂ ಹೆದರಿದೆ ಕಣೋ."

"ತಪ್ಪಾಯ್ತು ಅವ್ವ."

"ಹುಟ್ಟು ಹಾಕು. ಚಳಿ ಆಗ್ತಿದೆ."

ಕ್ಷಮಿಸಿದೆ ಎಂದು ಅವಳು ಹೇಳಲಿಲ್ಲ. ಅದಾದ ಮೇಲೆ ಬದುಕಿದ್ದ ಎರಡು ಚಳಿಗಾಲಗಳಲ್ಲೂ ಹೇಳಲಿಲ್ಲ. ಆದರೆ ಮನೆಗೆ ಬಂದವಳೇ ಮೊಮ್ಮಗಳನ್ನು ಕರೆದು, ಹದಿಮೂರರ ಹುಡುಗಿಯ ಹಣೆ ಮೂಗು ಗಲ್ಲ ಎಲ್ಲ ಸವರಿ, "ನಿಂಗಾ, ಎಷ್ಟು ಬೆಳೆದಿದೀಯೇ" ಎಂದಳು. ಅಣ್ಣನ ಜೊತೆ ಕೆಲಸದ ಮಾತಷ್ಟೇ ಆಡುತ್ತಿದ್ದಳು. ನನ್ನ ಜೊತೆಗೂ ಹೆಚ್ಚುಕಡಿಮೆ ಹಾಗೆಯೇ. ತೂರಿಲ್‌ಳ ಪಕ್ಕ ಕೂತು ಬೆರಳಲ್ಲಿ ಎಣಿಕೆ ಹೇಳುವುದು ಮಾತ್ರ ಅವಳಿಗೆ ಇಷ್ಟವಾಗಿತ್ತು. ಅವಳು ಹೇಳಿದ್ದಕ್ಕೂ ಭೂತಗನ್ನಡಿ ಹೇಳಿದ್ದಕ್ಕೂ ಒಂದೆರಡು ಹಲ್ಲಿಗಿಂತ ಹೆಚ್ಚು ವ್ಯತ್ಯಾಸ ಬರುತ್ತಿರಲಿಲ್ಲ.

ಅಣ್ಣ ತೂರಿಲ್‌ಳಿಗೆ ತಾನೇ ಹೇಳಿಕೊಂಡ. ಅವಳು ಬೈಯಲಿಲ್ಲ, ಬರೆದುಕೊಂಡಳು. ಮುಯ್ಕು ತೆಗೆದುಹಾಕಲು ದಾರಿಯಿಲ್ಲ, ಆದರೆ ಹೊಳೆಯಲ್ಲಿ ಕೆಳಕ್ಕೆ ಹೋಗದಂತೆ ನೋಡಿಕೊಂಡರೆ ಕೆಳಗಿನ ಐದು ಸರೋವರ ಉಳಿಯಬಹುದು ಎಂದಳು. ಜಲಪಾತ ಹತ್ತಲಾಗದ ಮೀನು ಅದರಿಂದ ಕೆಳಕ್ಕೆ ಬೀಳಬಲ್ಲದು. ಹೊಳೆ ಹೊರಡುವ ಬಾಯಿಗೆ ಅಣ್ಣ ಸಣ್ಣ ಕಣ್ಣಿನ ಬಲೆಯ ಬೇಲಿ ಹಾಕಿದ. ವಸಂತದಲ್ಲಿ ಮಂಜುಗಡ್ಡೆ ಒಡೆದು ಬಂದು ಅದನ್ನು ಹರಿಯಿತು. ಅವನು ಮತ್ತೆ ಕಟ್ಟಿದ. ಬೇಸಿಗೆಯಿಡೀ ಎದೆಯುದ್ದ ನೀರಿನಲ್ಲಿ ನಿಂತು ಎಲೆ, ಕಸ, ಸತ್ತ ಮುಯ್ಕು ಬಿಡಿಸುತ್ತಿದ್ದ. ಅವ್ವ ಸತ್ತ ಮೇಲೆಯೂ ಬಿಡಲಿಲ್ಲ. ಕಾಲುಗಳು ನೀಲಿಗಟ್ಟಿ ಊದಿಕೊಂಡವು. ಅತ್ತಿಗೆ ದಿನಾ ಸಂಜೆ ಬಿಸಿನೀರಿನಲ್ಲಿ ಅವನ್ನು ತಿಕ್ಕುತ್ತಿದ್ದಳು.

ತೊಂಬತ್ತೈದರ ಆಗಸ್ಟ್, ಊಟದ ಹೊತ್ತು. ಫೋನು ಬಂತು, ಅಣ್ಣ ಎತ್ತಿಕೊಂಡ. ಆ ಕಡೆಯ ದನಿ ಎಷ್ಟು ಜೋರಾಗಿತ್ತೆಂದರೆ ಮೇಜಿನ ಹತ್ತಿರ ಕೂತಿದ್ದ ನಮಗೂ ಕೇಳುತ್ತಿತ್ತು. ಹೊಳೆಗುಂಟ ಕೆಳಗಿನ ಎರಡನೇ ಸರೋವರದ ದಡದಲ್ಲಿರುವ ನಮ್ಮ ಚಿಕ್ಕಪ್ಪನ ಮಗ ಆಸ್ಲತ್. ಅವನಿಗೆ ಸಂತೋಷವೋ ಸಂತೋಷ.

"ಹೆಯ್ಕಾ, ಏನ್ ಹೇಳ್ಲಿ ಮಾರಾಯ! ಪುಟ್ಟ ಮೀನು, ಬೆರಳುದ್ದ, ಬಲೆ ತುಂಬ! ಬೆಣ್ಣೇಲಿ ಹುರಿದ್ರೆ ಮುಳ್ಳೇ ಗೊತ್ತಾಗಲ್ಲ. ಮಕ್ಕಳು ಬೇರೆ ಏನೂ ಮುಟ್ತಿಲ್ಲ. ಇದು ನಿಮ್ಮ ಕಡೆಯಿಂದ ಬಂದಿದ್ದೇ ಇರ್ಬೇಕು. ಏನಂತೀರಿ ಇದಕ್ಕೆ?"

ಅಣ್ಣ ಗೋಡೆಗೆ ಕೈ ಊರಿಕೊಂಡು ನಿಂತಿದ್ದ. ಅತ್ತಿಗೆ ಎದ್ದು ನಿಂತಳು.

"ಹಲೋ? ಕೇಳಿಸ್ತಿದೆಯಾ? ಹೆಸರು ಏನಪ್ಪಾ ಅದರದ್ದು?"

"ಮುಯ್ಕು" ಎಂದ ಅಣ್ಣ.